ಬಳ್ಳಾರಿ ಬಿಸಿಲಿಗೆ ಎಷ್ಟು ಲೋಟ ನೀರು?

ಎಂಟು ಲೋಟ ಎನ್ನುವವರಿದ್ದಾರೆ, ಮೂರು ಲೀಟರ್ ಎನ್ನುವವರಿದ್ದಾರೆ, ಬಾಯಾರಿದಷ್ಟು ಸಾಕು ಎನ್ನುವವರೂ ಇದ್ದಾರೆ. ಬಳ್ಳಾರಿ ಹತ್ತಿರದ ಹಲಕುಂದಿಯ ಬಿಸಿಲಲ್ಲಿ ದುಡಿಯುವವರ ಹೊಟ್ಟೆಗೆ ಎಷ್ಟು ನೀರು ಇಳಿಯಬೇಕು ಎಂಬ ಪ್ರಶ್ನೆಗೆ ಇವು ಯಾವುವೂ ಪೂರ್ತಿ ಉತ್ತರವಲ್ಲ. ಬೋರಿನ ನೀರಿನ ಗುಣ, ಮೇಸ್ತ್ರಿ ಕೊಡುವ ಬಿಡುವು, ಹತ್ತಿರದಲ್ಲೊಂದು ಶೌಚಾಲಯ: ಈ ಮೂರನ್ನು ಬಿಟ್ಟು ಲೀಟರಿನ ಲೆಕ್ಕ ಹೇಳಿ ಏನೂ ಪ್ರಯೋಜನವಿಲ್ಲ.

ಏಪ್ರಿಲ್ ತಿಂಗಳ ಬೆಳಿಗ್ಗೆ ಹನ್ನೊಂದು ಗಂಟೆ. ಬಳ್ಳಾರಿಯಿಂದ ಹಿರಿಯೂರಿನ ಕಡೆ ಹೋಗುವ ಹೆದ್ದಾರಿಯಲ್ಲಿ, ಹಲಕುಂದಿಯ ಹತ್ತಿರ, ಡಾಂಬರು ಆಗಲೇ ಕುದಿಯುವಂತಿದೆ. ಲಾರಿಯೊಂದು ಹಾದುಹೋದರೆ ಎದ್ದ ಕೆಂಪು ಧೂಳು ಕೂರುವಷ್ಟರಲ್ಲಿ ಇನ್ನೊಂದು ಲಾರಿ ಬಂದಿರುತ್ತದೆ. ರಸ್ತೆ ಬದಿಯಲ್ಲಿ ಚರಂಡಿ ಕೆಲಸ ನಡೆದಿದೆ. ಬುಟ್ಟಿ ಹೊರುವ ಹೆಂಗಸರು ತಲೆಗೆ ಟವೆಲ್ ಸುತ್ತಿ, ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟಿದ್ದಾರೆ. ಜಾಲಿಗಿಡದ ತೆಳುನೆರಳಿನಲ್ಲಿ ಒದ್ದೆ ಗೋಣಿಚೀಲ ಸುತ್ತಿದ ನೀರಿನ ಕ್ಯಾನು.

ನಡುವಯಸ್ಸಿನ ಒಬ್ಬರು ಬಂದು ಕ್ಯಾನು ಬಗ್ಗಿಸಿ ಲೋಟ ತುಂಬಿಸಿಕೊಂಡರು. ಒಂದು ಗುಟುಕು ಬಾಯಿಗೆ ಹಾಕಿ, ಮುಕ್ಕಳಿಸಿ, ಉಗಿದರು. ಮತ್ತೊಂದು ಗುಟುಕು, ಮತ್ತೆ ಮುಕ್ಕಳಿಸಿ ಉಗಿದರು. ಉಳಿದ ನೀರನ್ನು ಅಂಗೈಗೆ ಸುರಿದುಕೊಂಡು ಮುಖಕ್ಕೂ ಕತ್ತಿಗೂ ಹಚ್ಚಿಕೊಂಡು ಬುಟ್ಟಿಯ ಕಡೆ ತಿರುಗಿದರು.

‘ಯಾಕಕ್ಕ, ನುಂಗಲೇ ಇಲ್ಲ?’

‘ನುಂಗಿದ್ರೆ ಆಮೇಲೆ ಎಲ್ಲಿಗೆ ಹೋಗ್ಲಿ ಮೇಡಂ? ಸುತ್ತ ನೋಡ್ರಿ, ಒಂದು ಮರೆ ಐತಾ? ಸಂಜೆ ಮನೆಗೆ ಹೋದ್ಮೇಲೆ ಕುಡೀತೀನಿ.’

ಬೇಸಿಗೆ ಬಂತೆಂದರೆ ನೀರು ಕುಡಿಯಿರಿ ಎನ್ನುವ ಉಪದೇಶ ಎಲ್ಲ ದಿಕ್ಕಿನಿಂದಲೂ ಬರುತ್ತದೆ. ಆರೋಗ್ಯ ಇಲಾಖೆಯ ಪ್ರಕಟಣೆ, ವಾಟ್ಸ್‌ಆ್ಯಪ್‌ನಲ್ಲಿ ಸುತ್ತುವ ಚಿತ್ರಗಳು, ಗಂಟೆಗೊಮ್ಮೆ ನೆನಪಿಸುವ ಮೊಬೈಲ್ ಆ್ಯಪ್, ಲೀಟರಿನ ಗೆರೆ ಹಾಕಿದ ಬಾಟಲಿ. ಎಲ್ಲದರಲ್ಲೂ ಒಂದು ಅಂಕಿ ಇರುತ್ತದೆ. ಆ ಅಂಕಿ ಎಲ್ಲಿಂದ ಬಂತು, ಅದು ಯಾರಿಗೆ ಸಲ್ಲುತ್ತದೆ, ಹಲಕುಂದಿಗೆ ಅದು ಹೊಂದುತ್ತದೆಯೇ ಎಂದು ನೋಡಲು ಇದೇ ಸರಿಯಾದ ಕಾಲ.

ಎಂಟು ಲೋಟದ ಹುಟ್ಟು

1945ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಆಹಾರ ಮತ್ತು ಪೋಷಣೆ ಸಮಿತಿ ಒಂದು ಶಿಫಾರಸು ಮಾಡಿತು. ವಯಸ್ಕರಿಗೆ ದಿನಕ್ಕೆ ಸುಮಾರು ಎರಡೂವರೆ ಲೀಟರ್ ನೀರು ಬೇಕು ಎಂಬುದು ಅದರ ಮೊದಲ ಮಾತು. ಇದರಲ್ಲಿ ಬಹುಪಾಲು ನಾವು ತಿನ್ನುವ ಆಹಾರದಲ್ಲೇ ಇದೆ ಎಂಬುದು ಎರಡನೆಯ ಮಾತು. ಮೊದಲನೆಯದು ಲೋಕವೆಲ್ಲ ಸುತ್ತಿತು, ಎರಡನೆಯದನ್ನು ಜನ ಮರೆತರು. ಎಂಟು ಲೋಟದ ನಿಯಮದ ಬೇರು ಇಲ್ಲೇ ಇರಬಹುದೆಂದು ಅನೇಕರು ಭಾವಿಸುತ್ತಾರೆ.

ಅಮೆರಿಕದ ಡಾರ್ಟ್‌ಮತ್ ವೈದ್ಯಕೀಯ ಶಾಲೆಯಲ್ಲಿ ಮೂತ್ರಪಿಂಡದ ಬಗ್ಗೆ ಬಾಳಿಡೀ ಕೆಲಸ ಮಾಡಿದ ಹೈಂಜ್ ವಾಲ್ಟಿನ್ ಎಂಬ ವಿಜ್ಞಾನಿ ಈ ನಿಯಮಕ್ಕೆ ಆಧಾರ ಹುಡುಕಿ ಹೊರಟರು. ಆರೋಗ್ಯವಂತರು, ತಂಪು ಹವೆಯಲ್ಲಿ, ಕೂತು ಕೆಲಸ ಮಾಡುವವರು ದಿನಕ್ಕೆ ಎಂಟು ಲೋಟ ಕುಡಿಯಲೇಬೇಕು ಎನ್ನಲು ವೈಜ್ಞಾನಿಕ ಪುರಾವೆ ಸಿಗಲಿಲ್ಲ ಎಂದು 2002ರಲ್ಲಿ ಬರೆದರು. ಬಾಯಾರಿಕೆ ಆಗುವ ಹೊತ್ತಿಗೆ ದೇಹ ಆಗಲೇ ಒಣಗಿರುತ್ತದೆ ಎಂಬ ಜನಪ್ರಿಯ ಮಾತನ್ನೂ ಅವರು ಒಪ್ಪಲಿಲ್ಲ. ರಕ್ತದ ಸಾಂದ್ರತೆ ಶೇ 2ರಷ್ಟು ಏರುವ ಮೊದಲೇ ಮೆದುಳಿನ ಹೈಪೋಥಲಾಮಸ್ ಅದನ್ನು ಗುರುತಿಸಿ ಬಾಯಾರಿಕೆ ಹುಟ್ಟಿಸುತ್ತದೆ. ಜೊತೆಗೇ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಹೊರಟು, ಮೂತ್ರಪಿಂಡಕ್ಕೆ ನೀರು ಉಳಿಸಿಕೋ ಎಂದು ಹೇಳುತ್ತದೆ. ದೇಹ ನಿಜವಾದ ತೊಂದರೆಗೆ ಬೀಳುವುದು ಅದಕ್ಕೂ ಬಹಳ ಮುಂದೆ.

2022ರ ನವೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಇನ್ನೂ ದೊಡ್ಡದು. ಹುಟ್ಟಿ ಎಂಟು ದಿನದ ಕೂಸಿನಿಂದ ಹಿಡಿದು 96 ವರ್ಷದವರವರೆಗೆ 5604 ಜನರ ದೇಹದಲ್ಲಿ ದಿನಕ್ಕೆ ಎಷ್ಟು ನೀರು ಬಂದು ಹೋಗುತ್ತದೆ ಎಂದು ಅದರಲ್ಲಿ ಅಳೆದಿದ್ದರು. ಇಪ್ಪತ್ತರಿಂದ ಮೂವತ್ತೈದರ ಗಂಡಸರಲ್ಲಿ ಇದು ಸರಾಸರಿ 4.2 ಲೀಟರ್. ಪ್ರಾಯದ ಹೆಂಗಸರಲ್ಲಿ 3.3 ಲೀಟರ್. ಇಷ್ಟನ್ನೂ ಕುಡಿಯಬೇಕು ಎಂದು ಇದರ ಅರ್ಥವಲ್ಲ. ಒಂದು ಪಾಲು ಊಟದಿಂದ ಬರುತ್ತದೆ, ಒಂದು ಪಾಲು ದೇಹ ಆಹಾರ ಕರಗಿಸುವಾಗ ತಾನೇ ತಯಾರಿಸುತ್ತದೆ, ಒಂದಿಷ್ಟು ಉಸಿರು ಮತ್ತು ಚರ್ಮದ ಮೂಲಕ ಗಾಳಿಯ ತೇವದಿಂದಲೇ ಸೇರುತ್ತದೆ. ಸಾಮಾನ್ಯ ವ್ಯಕ್ತಿ ಕುಡಿಯಬೇಕಾದದ್ದು ಒಂದೂವರೆಯಿಂದ ಎರಡು ಲೀಟರಿನ ಒಳಗೇ ಇರಬಹುದು ಎಂದು ತಂಡದ ವಿಜ್ಞಾನಿಗಳು ವಿವರಿಸಿದರು.

ಆ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತ್ತು. ಬಿಸಿ ಹವೆಯಲ್ಲಿ ಬದುಕುವವರು, ಮೈಮುರಿದು ದುಡಿಯುವವರು, ಬಸುರಿಯರು, ಬಡ ದೇಶಗಳ ಜನ: ಇವರ ದೇಹದಲ್ಲಿ ನೀರಿನ ಹೋಗುಬರುವಿಕೆ ಹೆಚ್ಚು. ಈ ಪಟ್ಟಿಯಲ್ಲಿ ಬಳ್ಳಾರಿಯ ಅರ್ಧ ಜಿಲ್ಲೆ ಬಂದುಹೋಗುತ್ತದೆ.

> ಯಾರು ಎಷ್ಟು ಹೇಳಿದ್ದಾರೆ?
> ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇನಲ್ಲಿ ಭಾರತೀಯರಿಗಾಗಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಹೇಳಿರುವುದು ದಿನಕ್ಕೆ ಸುಮಾರು 2 ಲೀಟರ್, ಎಂದರೆ ಎಂಟು ಲೋಟ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಹೇಳಿದ್ದು ಗಂಡಸರಿಗೆ 2.5, ಹೆಂಗಸರಿಗೆ 2 ಲೀಟರ್; ಬಸುರಿಯರಿಗೆ ಇನ್ನೂ 300 ಮಿ.ಲೀ., ಹಾಲೂಡಿಸುವ ತಾಯಂದಿರಿಗೆ 700 ಮಿ.ಲೀ. ಹೆಚ್ಚು. ಅಮೆರಿಕದ ವೈದ್ಯಕೀಯ ಸಂಸ್ಥೆಯ ಲೆಕ್ಕ ಗಂಡಸರಿಗೆ 3.7, ಹೆಂಗಸರಿಗೆ 2.7 ಲೀಟರ್. ಯುರೋಪ್, ಅಮೆರಿಕದ ಅಂಕಿಗಳಲ್ಲಿ ಊಟದೊಳಗಿನ ನೀರು, ಹಾಲು, ಚಹಾ, ಕಾಫಿ ಎಲ್ಲವೂ ಸೇರಿದೆ. ಮಿತವಾಗಿ ಕುಡಿದ ಚಹಾ, ಕಾಫಿ ಮೈಯ ನೀರನ್ನು ಕಳೆಯುವುದಿಲ್ಲ, ಲೆಕ್ಕಕ್ಕೆ ಸೇರುತ್ತದೆ.

ಕಾಣದ ಬೆವರು

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಇಲ್ಲಿಯ ಜನ ಹೇಳುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಈ ಎರಡು ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವಂತೆ ಸರ್ಕಾರವೇ ಆದೇಶ ಹೊರಡಿಸುತ್ತದೆ. ಫ್ಯಾನಿನ ಕೆಳಗೆ ಕೂತವರಿಗೇ ಈ ಬಿಸಿಲು ತಡೆಯದು ಎಂದು ಒಪ್ಪಿಕೊಂಡ ಮೇಲೆ, ಹಲಕುಂದಿ ಸುತ್ತಮುತ್ತಲ ಸ್ಪಾಂಜ್ ಐರನ್ ಘಟಕಗಳಲ್ಲಿ ಸಾವಿರ ಡಿಗ್ರಿ ಕುದಿಯುವ ಕುಲುಮೆಯ ಪಕ್ಕ ನಿಲ್ಲುವವರ ಮಾತೇನು? ಇಟ್ಟಿಗೆ ಗೂಡಿನವರು, ಸಿರುಗುಪ್ಪದ ಗದ್ದೆಯವರು, ಕುರುಗೋಡಿನ ಕಣದಲ್ಲಿ ಮೆಣಸಿನಕಾಯಿ ಒಣಹಾಕುವವರು, ನಗರದ ತಗಡಿನ ಸೂರಿನ ಕೆಳಗೆ ಜೀನ್ಸ್ ಹೊಲಿಯುವವರು ಯಾವ ಆದೇಶದಲ್ಲಿ ಬರುತ್ತಾರೆ?

ಕರಾವಳಿಯವರಿಗೆ ಬೆವರು ಕಣ್ಣಿಗೆ ಕಾಣುತ್ತದೆ, ಅಂಗಿ ತೊಯ್ದು ಮೈಗೆ ಅಂಟಿಕೊಳ್ಳುತ್ತದೆ. ಬಳ್ಳಾರಿಯ ಒಣಹವೆಯಲ್ಲಿ ಬೆವರು ಹುಟ್ಟಿದ ಕ್ಷಣದಲ್ಲೇ ಆರಿಹೋಗುತ್ತದೆ. ಕಾಣುವುದೆಂದರೆ ಸಂಜೆ ಹೊತ್ತಿಗೆ ಕಪ್ಪು ಅಂಗಿಯ ಬೆನ್ನ ಮೇಲೆ ಅಲೆ ಅಲೆಯಾಗಿ ಮೂಡಿದ ಬಿಳಿ ಉಪ್ಪಿನ ಗೆರೆ. ನಾನಷ್ಟೇನೂ ಬೆವರಿಲ್ಲ ಎಂದುಕೊಂಡೇ ಇಲ್ಲಿಯ ಜನ ಲೀಟರುಗಟ್ಟಲೆ ಕಳೆದುಕೊಂಡಿರುತ್ತಾರೆ. ಉರಿಬಿಸಿಲಿನ ಕಠಿಣ ಕೆಲಸದಲ್ಲಿ ಗಂಟೆಗೆ ಒಂದು ಲೀಟರ್ ಬೆವರು ಹೋಗುವುದು ಅಪರೂಪವಲ್ಲ.

ಬಾಯಾರಿಕೆಯನ್ನು ನಂಬಿ ಎಂದು ವಾಲ್ಟಿನ್ ಹೇಳಿದ್ದು ತಂಪಿನಲ್ಲಿ ಕೂತು ಕೆಲಸ ಮಾಡುವವರಿಗೆ. ಬಿಸಿಲಿನ ದುಡಿಮೆಗೆ ಆ ನಿಯಮ ಸಾಲದು. ಬೆವರು ಹೋಗುವ ವೇಗಕ್ಕೆ ಬಾಯಾರಿಕೆ ಓಡಿ ಬರಲಾರದು. ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಸಂಸ್ಥೆಗಳು ಹೇಳುವುದು ಹೀಗೆ: ಬಿಸಿಲಿನ ಕೆಲಸದಲ್ಲಿ ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ, ಸುಮಾರು 240 ಮಿ.ಲೀ., ಕುಡಿಯಿರಿ. ಗಂಟೆಗೆ ಹೆಚ್ಚೆಂದರೆ ಒಂದೂವರೆ ಲೀಟರಿನ ಒಳಗೇ ಇರಲಿ. ಒಮ್ಮೆಲೇ ಚೊಂಬುಗಟ್ಟಲೆ ಸುರಿದುಕೊಳ್ಳುವುದಕ್ಕಿಂತ ಪದೇ ಪದೇ ಸ್ವಲ್ಪ ಸ್ವಲ್ಪ ಕುಡಿಯುವುದು ಮೈಗೆ ಹಿಡಿಯುತ್ತದೆ.

ಹೀಗೆ ಲೆಕ್ಕ ಹಾಕಿದರೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗಿನ ದುಡಿಮೆಯೊಂದಕ್ಕೇ ಮೂರ್ನಾಲ್ಕು ಲೀಟರ್ ಬೇಕು. ಮನೆಯಲ್ಲಿ ಬೆಳಿಗ್ಗೆ ಕುಡಿದದ್ದು, ರಾತ್ರಿ ಕುಡಿಯುವುದು ಅದರ ಮೇಲೆ. ಎಂಟು ಲೋಟದ ನಿಯಮ ಇಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚುವ ಮೊದಲೇ ಮುಗಿದುಹೋಗಿರುತ್ತದೆ.

ಋತು ನೋಡಿ ನೀರು ಕುಡಿಯಬೇಕೆಂಬ ತಿಳಿವು ನಮಗೆ ಹೊಸದೇನಲ್ಲ. ಆರೋಗ್ಯವಂತರೂ ನೀರನ್ನು ಮಿತವಾಗಿಯೇ ಕುಡಿಯಬೇಕು, ಬೇಸಿಗೆ ಮತ್ತು ಶರದೃತುವಿನಲ್ಲಿ ಮಾತ್ರ ಆ ಮಿತಿ ಬೇಡ ಎಂದು ವಾಗ್ಭಟನ ‘ಅಷ್ಟಾಂಗ ಹೃದಯ’ದಲ್ಲಿದೆ. ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆಗೆ ದತ್ತಿ ಬಿಟ್ಟದ್ದು ಕನ್ನಡ ಶಾಸನಗಳಲ್ಲಿ ಬರುತ್ತದೆ. ಇಂದಿಗೂ ಬೇಸಿಗೆ ಬಂತೆಂದರೆ ಬಳ್ಳಾರಿಯ ರಸ್ತೆಗಳಲ್ಲಿ ಚಪ್ಪರ ಹಾಕಿ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆ ಇಟ್ಟು ಬಂದವರಿಗೆಲ್ಲ ನೀರು ಕೊಡುವವರಿದ್ದಾರೆ. ಆ ಚಪ್ಪರದಲ್ಲಿ ಒಂದು ಮಡಕೆ ಮಜ್ಜಿಗೆಯೂ ಇದ್ದರೆ ಅದರ ಬೆಲೆ ಇಮ್ಮಡಿ. ಯಾಕೆಂದರೆ ಬೆವರಿನಲ್ಲಿ ಹೋಗುವುದು ಬರಿಯ ನೀರಲ್ಲ.

ಉಪ್ಪಿನ ಪಾಲು

ಒಂದು ಲೀಟರ್ ಬೆವರಿನಲ್ಲಿ ಸುಮಾರು ಒಂದು ಗ್ರಾಂ ಸೋಡಿಯಂ ಹೋಗುತ್ತದೆ. ಅಡುಗೆ ಉಪ್ಪಿನ ಲೆಕ್ಕದಲ್ಲಿ ಅದು ಸುಮಾರು ಎರಡೂವರೆ ಗ್ರಾಂ. ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಕಡಿಮೆ. ಗಂಟೆಗಟ್ಟಲೆ ಬೆವರಿ, ಬರಿಯ ನೀರನ್ನೇ ಹೊಟ್ಟೆ ತುಂಬ ಸುರಿದುಕೊಂಡರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ತಲೆನೋವು, ವಾಕರಿಕೆ, ಮಂಪರು, ಕೈಕಾಲು ಸೆಳೆತ ಬರುತ್ತವೆ. ಇನ್ನೂ ಮುಂದುವರಿದರೆ ಮೆದುಳು ಬಾತು ಜೀವಕ್ಕೇ ಅಪಾಯ.

ಇದು ಬಿಸಿಲು ಬಡಿದವರಿಗೆ ಮಾತ್ರ ಆಗುವ ತೊಂದರೆಯಲ್ಲ. 2002ರ ಬಾಸ್ಟನ್ ಮ್ಯಾರಥಾನ್ ಓಡಿದವರಲ್ಲಿ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಜನರಲ್ಲಿ ಸೋಡಿಯಂ ತಗ್ಗಿತ್ತು. ಓಟದ ಉದ್ದಕ್ಕೂ ಅತಿಯಾಗಿ ಕುಡಿದು ತೂಕ ಹೆಚ್ಚಿಸಿಕೊಂಡವರಲ್ಲೇ ಅದು ಹೆಚ್ಚಾಗಿ ಕಂಡಿತು. 2007ರಲ್ಲಿ ಅಮೆರಿಕದ ಸ್ಯಾಕ್ರಮೆಂಟೊ ನಗರದ ಒಂದು ರೇಡಿಯೊ ಕೇಂದ್ರ ನಡೆಸಿದ ನೀರು ಕುಡಿಯುವ ಪಂದ್ಯದಲ್ಲಿ ಭಾಗವಹಿಸಿದ ಮಹಿಳೆಯೊಬ್ಬರು ಅಂದೇ ತೀರಿಕೊಂಡರು. ಆರೋಗ್ಯವಂತರ ಮೂತ್ರಪಿಂಡ ಗಂಟೆಗೆ ಹೆಚ್ಚೆಂದರೆ ಒಂದು ಲೀಟರಿನ ಆಸುಪಾಸು ನೀರನ್ನು ಹೊರಹಾಕಬಲ್ಲದು. ಬೆಳಿಗ್ಗೆ ಎದ್ದ ಕೂಡಲೇ ಎರಡು ಮೂರು ಲೀಟರ್ ಕುಡಿದರೆ ಎಲ್ಲ ರೋಗ ಹೋಗುತ್ತದೆ ಎಂದು ಹೇಳುವವರ ಮಾತು ಕೇಳಬೇಡಿ. ಹೃದಯ ಸೋತವರು, ಡಯಾಲಿಸಿಸ್‌ನಲ್ಲಿರುವವರು ವೈದ್ಯರು ಹೇಳಿದ ಅಳತೆ ಮೀರಿದರೆ ಉಸಿರಾಟಕ್ಕೇ ತೊಂದರೆ.

ನಮ್ಮ ಹೊಲಗಳಿಗೆ ಹೋಗುವ ಬುತ್ತಿಯಲ್ಲಿ ಇದಕ್ಕೆ ತಕ್ಕ ಉಪಾಯ ಮೊದಲಿಂದಲೂ ಇದೆ. ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ, ರೊಟ್ಟಿಗೆ ಒಂದು ಈರುಳ್ಳಿ, ಉಪ್ಪಿನಕಾಯಿ. ಬರಿಯ ರೊಟ್ಟಿಯಲ್ಲಿ ನೀರು ಕಡಿಮೆ, ಆದರೆ ಅದರ ಜೊತೆಗಿನ ಪಲ್ಯ, ಮಜ್ಜಿಗೆ, ಅಂಬಲಿ ನೀರು, ಉಪ್ಪು ಎರಡನ್ನೂ ಕೊಡುತ್ತವೆ. ಕಲ್ಲಂಗಡಿಯಲ್ಲಿ ಶೇ 90ಕ್ಕೂ ಹೆಚ್ಚು ನೀರೇ. ಬುತ್ತಿಯಿಂದ ಮಜ್ಜಿಗೆ ಹೋಗಿ ಬಣ್ಣದ ತಂಪುಪಾನೀಯ ಬಂದಿರುವುದು ನನಗೆ ಬೇಸರದ ಸಂಗತಿ. ಅದರಲ್ಲಿ ಸಕ್ಕರೆ ಬೇಕಾದ್ದಕ್ಕಿಂತ ಹೆಚ್ಚು, ಉಪ್ಪು ಬೇಕಾದ್ದಕ್ಕಿಂತ ಕಡಿಮೆ.

> ಮನೆಯಲ್ಲೇ ಮಾಡುವ ಓಆರ್‌ಎಸ್
> ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚ ಮಟ್ಟಸವಾಗಿರಲಿ, ತುಂಬಿ ತುಳುಕಬಾರದು. ಉಪ್ಪು ಹೆಚ್ಚಾದರೆ ಅಪಾಯ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ಸಲೈನ್ ಬಾಟಲಿ ಮುಗಿದಾಗ ಡಾ. ದಿಲೀಪ್ ಮಹಾಲನಬೀಸ್ ಸಕ್ಕರೆ, ಉಪ್ಪು ಬೆರೆಸಿದ ನೀರನ್ನು ಡ್ರಮ್ಮಿನಲ್ಲಿ ತುಂಬಿಸಿ ಕುಡಿಸಿದರು. ಶೇ 30ರಷ್ಟಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು.

ಕುಡಿಯದಿರುವ ಕಾರಣ

ಹೆದ್ದಾರಿ ಬದಿಯ ಆ ಹೆಣ್ಣುಮಗಳಿಗೆ ನೀರಿನ ಮಹತ್ವ ಗೊತ್ತಿಲ್ಲ ಎಂದು ಯಾರೂ ಹೇಳಲಾರರು. ನೀರು ಪಕ್ಕದಲ್ಲೇ ಇತ್ತು. ಬಾಯಾರಿಕೆಯೂ ಇತ್ತು. ಆಕೆ ಕುಡಿಯದಿದ್ದುದು ಲೆಕ್ಕ ಹಾಕಿಯೇ. ಗಂಡಸರು ಗಿಡದ ಹಿಂದೆ, ಲಾರಿಯ ಮರೆಯಲ್ಲಿ ಹೋಗಿ ಬರುತ್ತಾರೆ. ಹೆಂಗಸರಿಗೆ ಬಯಲಿನಲ್ಲಿ ಆ ದಾರಿಯಿಲ್ಲ. ಜನ ಕಣ್ಬಿಡುವ ಮೊದಲು ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ನಡುವಿನ ಹನ್ನೆರಡು ತಾಸು ಮೈಯನ್ನು ಒಣಗಿಸಿಟ್ಟುಕೊಳ್ಳುವುದೇ ಉಪಾಯ.

ಇದರ ಬೆಲೆ ಎಷ್ಟೆಂಬುದು ಯಾವ ಊರಿನ ಆಶಾ ಕಾರ್ಯಕರ್ತೆಗೂ ಗೊತ್ತು. ಉರಿಮೂತ್ರ, ಕಿಬ್ಬೊಟ್ಟೆ ನೋವು, ಮತ್ತೆ ಮತ್ತೆ ಬರುವ ಸೋಂಕು. ಪದೇ ಪದೇ ಮೂತ್ರನಾಳದ ಸೋಂಕು ಬರುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ ಮಹಿಳೆಯರ ಮೇಲೆ ನಡೆದ ಒಂದು ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿದವರಲ್ಲಿ ವರ್ಷಕ್ಕೆ ಸರಾಸರಿ 1.7 ಬಾರಿ ಸೋಂಕು ಬಂದರೆ, ಎಂದಿನಂತೆ ಕುಡಿದವರಲ್ಲಿ 3.2 ಬಾರಿ ಬಂತು. ಮೂತ್ರಪಿಂಡದ ಕಲ್ಲಿನದೂ ಇದೇ ಕತೆ. ಒಮ್ಮೆ ಕಲ್ಲು ಬಂದಿದ್ದವರನ್ನು ಇಟಲಿಯಲ್ಲಿ ಐದು ವರ್ಷ ಗಮನಿಸಿ 1996ರಲ್ಲಿ ವರದಿ ಮಾಡಿದರು. ದಿನಕ್ಕೆ ಎರಡು ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿದವರಲ್ಲಿ ಶೇ 12 ಮಂದಿಗೆ, ಉಳಿದವರಲ್ಲಿ ಶೇ 27 ಮಂದಿಗೆ ಮತ್ತೆ ಕಲ್ಲಾಯಿತು. ಔಷಧಿಯಿಲ್ಲದೆ, ನೀರೊಂದರಿಂದಲೇ ಇಷ್ಟು ವ್ಯತ್ಯಾಸ.

ಹಾಗಾಗಿ ಹೆಂಗಸರಿಗೆ ‘ನೀರು ಹೆಚ್ಚು ಕುಡಿಯಿರಿ’ ಎಂದು ಹೇಳುವ ಮೊದಲು ಅವರಿಗೆ ಹೋಗಲು ಜಾಗವಿದೆಯೇ ಎಂದು ಕೇಳಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ. ಕಾನೂನು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಕೇಳಿತ್ತು. 1948ರ ಕಾರ್ಖಾನೆ ಕಾಯ್ದೆಯ 18ನೇ ಕಲಮಿನಲ್ಲಿ ಕುಡಿಯುವ ನೀರಿನ ಜಾಗದ ಮೇಲೆ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ ಬರೆದಿರಬೇಕು, 250ಕ್ಕಿಂತ ಹೆಚ್ಚು ಕೆಲಸಗಾರರಿದ್ದರೆ ಬೇಸಿಗೆಯಲ್ಲಿ ತಣ್ಣೀರನ್ನೇ ಕೊಡಬೇಕು ಎಂದಿತ್ತು. ಅದರ ಮುಂದಿನ ಕಲಮೇ ಶೌಚಾಲಯದ್ದು. ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕಾಯ್ದೆಯಲ್ಲೂ ನೀರಿನ ಕಲಮಿನ ಬೆನ್ನಿಗೇ ಶೌಚಾಲಯದ ಕಲಮು ಇತ್ತು. ಬರೆದವರಿಗೆ ಎರಡೂ ಒಂದೇ ವಿಷಯ ಎಂಬುದು ಸ್ಪಷ್ಟವಿತ್ತು. ರಸ್ತೆ ಬದಿಯ ಗುತ್ತಿಗೆ ಕೆಲಸದ ಜಾಗಕ್ಕೆ ಬಂದರೆ ಕ್ಯಾನೊಂದು ಕಾಣುತ್ತದೆ, ಮರೆ ಕಾಣುವುದಿಲ್ಲ. ನಾಲ್ಕು ಕಂಬ, ತಗಡಿನ ಗೋಡೆ, ಒಂದು ಡ್ರಮ್ಮು ನೀರು: ಕೋಟಿಗಟ್ಟಲೆ ರೂಪಾಯಿಯ ಕಾಮಗಾರಿಗೆ ಇದೊಂದು ಭಾರವೇ?

ಶಾಲೆಗಳಲ್ಲೂ ಇದೇ ಪ್ರಶ್ನೆ ಏಳುತ್ತದೆ. ಮಕ್ಕಳು ನೀರು ಕುಡಿಯಲೆಂದೇ ಗಂಟೆ ಬಾರಿಸುವ ‘ವಾಟರ್ ಬೆಲ್’ ಕೇರಳದಲ್ಲಿ ಶುರುವಾಗಿ, 2019ರ ನವೆಂಬರಿನಲ್ಲಿ ಕರ್ನಾಟಕಕ್ಕೂ ಬಂತು. ಒಳ್ಳೆಯ ಯೋಚನೆ ಅದು. ನೀರಿನ ಬಾಟಲಿಯನ್ನು ತುಂಬಿದಂತೆಯೇ ಮನೆಗೆ ತರುವ ಮಕ್ಕಳ ತಾಯಂದಿರನ್ನು ಕೇಳಿ, ಗಂಟೆಯ ಬೆಲೆ ಹೇಳುತ್ತಾರೆ. ಆದರೆ ಶೌಚಾಲಯದಲ್ಲಿ ನೀರಿಲ್ಲದಿದ್ದರೆ, ಚಿಲಕ ಮುರಿದಿದ್ದರೆ, ಎಂಟನೇ ತರಗತಿಯ ಹುಡುಗಿ ಗಂಟೆ ಕೇಳಿಯೂ ಬಾಟಲಿಯ ಮುಚ್ಚಳ ತೆಗೆಯುವುದಿಲ್ಲ.

ಯಾವ ನೀರು?

ಇಲ್ಲಿಯವರೆಗೆ ಎಷ್ಟು ಎಂಬ ಮಾತಾಯಿತು. ಬಳ್ಳಾರಿಯಲ್ಲಿ ಅದಕ್ಕಿಂತ ಕಷ್ಟದ ಪ್ರಶ್ನೆ ಯಾವ ನೀರು ಎಂಬುದು.

ಜಿಲ್ಲೆಯ ಒಂದು ಭಾಗ ತುಂಗಭದ್ರೆಯ ಕಾಲುವೆಗಳದ್ದು. 1953ರಲ್ಲಿ ಅಣೆಕಟ್ಟೆಯಿಂದ ನೀರು ಹರಿಯತೊಡಗಿದ ಮೇಲೆ ಸಿರುಗುಪ್ಪ, ಕುರುಗೋಡಿನ ಎರೆಹೊಲ ಭತ್ತದ ಗದ್ದೆಯಾಯಿತು. ಕಾಲುವೆಯ ನೀರನ್ನೇ ಕೆರೆಗೆ ತುಂಬಿಸಿ ಕುಡಿಯುವ ಊರುಗಳು ಅಲ್ಲಿ ಹಲವು. ಆ ನೀರು ಬಾಯಿಗೆ ಸಿಹಿ. ಆದರೆ ಅದರಲ್ಲಿ ದನ ಮೈ ತೊಳೆದಿರುತ್ತವೆ, ಗದ್ದೆಯ ಬಸಿನೀರು ಸೇರಿರುತ್ತದೆ. ವಾಂತಿಭೇದಿ ಹರಡುವುದು ಇಂಥ ನೀರಿನಿಂದ. ಇದಕ್ಕೆ ಮದ್ದು ಸುಲಭ: ಸೋಸಿ, ಕುದಿಸಿ, ಆರಿಸಿ ಕುಡಿಯುವುದು.

ಇನ್ನೊಂದು ಭಾಗ ಬೋರ್‌ವೆಲ್‌ಗಳದ್ದು. ಬಳ್ಳಾರಿ ಗುಡ್ಡವನ್ನೂ ಕುರುಗೋಡಿನ ಬೆಟ್ಟವನ್ನೂ ನೋಡಿ: ಬೋಳು ಗ್ರಾನೈಟ್. ಇದೇ ಜಾತಿಯ ಶಿಲೆ ನೆಲದಡಿಯಲ್ಲೂ ಹಾಸಿಕೊಂಡಿದೆ. ಅದರ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಖನಿಜಗಳಲ್ಲಿರುವ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು, ಬೋರು ಆಳಕ್ಕೆ ಇಳಿದಷ್ಟೂ ಇದು ಹೆಚ್ಚುವ ಸಂಭವ. ರಾಜ್ಯದ ಫ್ಲೋರೈಡ್ ಪೀಡಿತ ಜಿಲ್ಲೆಗಳ ಪಟ್ಟಿಯಲ್ಲಿ ಬಳ್ಳಾರಿ ಇದೆ. ನೆರೆಯ ಚಿತ್ರದುರ್ಗ, ರಾಯಚೂರು, ಕೊಪ್ಪಳ, ಗಡಿಯಾಚೆಯ ಅನಂತಪುರ ಎಲ್ಲವೂ ಈ ಪೀಡೆಯಲ್ಲಿ ಪಾಲುದಾರರು. ಈ ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದದ್ದರಲ್ಲಿ ಅದು ಇನ್ನಷ್ಟು ಗಾಢವಾಗುತ್ತದೆ. ಸಿರುಗುಪ್ಪದಲ್ಲಿ ಜೀವ ಉಳಿಸುವ ಉಪಾಯ ಬೋರಿನ ಊರಿನಲ್ಲಿ ಕೆಲಸಕ್ಕೆ ಬಾರದು.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಸಹಿಸಬಹುದು. ಈಗ ಬಿಸಿಲನ್ನೂ ಫ್ಲೋರೈಡನ್ನೂ ಜೊತೆಗಿಟ್ಟು ನೋಡಿ. ದಿನಕ್ಕೆ 2 ಲೀಟರ್ ಕುಡಿಯುವವರಿಗೆ 1.5ರ ನೀರಿನಿಂದ ಸಿಗುವುದು 3 ಮಿಲಿಗ್ರಾಂ. ಕುಲುಮೆಯ ಪಕ್ಕ ನಿಂತು 5 ಲೀಟರ್ ಕುಡಿಯುವವರಿಗೆ ಅದೇ ನೀರಿನಿಂದ ಏಳೂವರೆ ಮಿಲಿಗ್ರಾಂ. ಅದೇ ನೀರಲ್ಲಿ ಬೆಂದ ಅನ್ನ, ಬೇಳೆ, ಕುದಿಸಿದ ಚಹಾ ಇದರ ಮೇಲೆ. ಎಲ್ಲ ಮೂಲದಿಂದ ಸೇರಿ ದಿನಕ್ಕೆ 6 ಮಿಲಿಗ್ರಾಂ ಮೀರಿದರೆ ಮೂಳೆಗೆ ತೊಂದರೆಯಾಗುವ ಸಂಭವ ಹೆಚ್ಚುತ್ತದೆ, 14ಕ್ಕೆ ಮುಟ್ಟಿದರೆ ಮೂಳೆಯ ಫ್ಲೋರೋಸಿಸ್ ಸ್ಪಷ್ಟ ಎಂದು ಭಾರತ ಮತ್ತು ಚೀನಾದ ಅನುಭವ ನೋಡಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕಾಗದದ ಮೇಲೆ ಕಾನೂನಿನೊಳಗೇ ಇರುವ ನೀರು, ಹೆಚ್ಚು ಕುಡಿಯಲೇಬೇಕಾದವರ ಮೈಯಲ್ಲಿ ಮಿತಿ ಮೀರುತ್ತದೆ.

ಇದನ್ನು ಅಮೆರಿಕದವರು ಅರವತ್ತರ ದಶಕದಲ್ಲೇ ಗಮನಿಸಿದ್ದರು. ಬಿಸಿ ಪ್ರದೇಶದವರು ಹೆಚ್ಚು ನೀರು ಕುಡಿಯುತ್ತಾರೆ ಎಂಬ ಕಾರಣಕ್ಕೆ ಅಲ್ಲಿಯ ಸಾರ್ವಜನಿಕ ಆರೋಗ್ಯ ಸೇವೆ 1962ರಲ್ಲಿ ತಂಪು ಊರುಗಳಿಗೆ ಲೀಟರಿಗೆ 1.2 ಮಿಲಿಗ್ರಾಂ, ಸೆಕೆಯ ಊರುಗಳಿಗೆ 0.7 ಎಂದು ಬೇರೆ ಬೇರೆ ಗುರಿ ಇಟ್ಟಿತು. ಹವೆ ನೋಡಿ, ಜನ ಕುಡಿಯುವ ಪ್ರಮಾಣ ನೋಡಿ ಮಿತಿ ಹಾಕಿಕೊಳ್ಳಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ನಮ್ಮಲ್ಲಿ ಮಡಿಕೇರಿಗೂ ಬಳ್ಳಾರಿಗೂ ಒಂದೇ ಅಂಕಿ. ಬಳ್ಳಾರಿಯಂಥ ಜಿಲ್ಲೆಯಲ್ಲಿ 1.5ರ ರಿಯಾಯಿತಿಯನ್ನು ಕೈಬಿಟ್ಟು, 1ಕ್ಕಿಂತ ಕೆಳಗಿನ ನೀರನ್ನೇ ಗುರಿಯಾಗಿಟ್ಟುಕೊಳ್ಳುವುದು ನ್ಯಾಯ.

ಹಲ್ಲು ಮೂಡುವ ವಯಸ್ಸಿನಲ್ಲಿ ಈ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಸುಣ್ಣ ಬಳಿದಂಥ ಮಚ್ಚೆ, ಆಮೇಲೆ ಹಳದಿ, ಕಂದು ಗೆರೆ ಉಳಿದುಬಿಡುತ್ತವೆ. ಉಜ್ಜಿದರೆ ಹೋಗುವಂಥದ್ದಲ್ಲ. ದೊಡ್ಡವರಲ್ಲಿ ವರ್ಷಗಳು ಕಳೆದಂತೆ ಬೆನ್ನು, ಕುತ್ತಿಗೆ, ಮಂಡಿ ಬಿಗಿಯುತ್ತವೆ. ಬಗ್ಗಿ ಏಳಲಾಗದ ಅಜ್ಜಿಯನ್ನು ಮನೆಯವರು ವಯಸ್ಸಾಯಿತು ಎಂದು ಸುಮ್ಮನಾಗಿಸುತ್ತಾರೆ.

ಊರೂರಿಗೆ ಬಂದ ಶುದ್ಧ ಕುಡಿಯುವ ನೀರಿನ ಘಟಕ ಇದಕ್ಕೆ ಸರ್ಕಾರ ಕೊಟ್ಟ ಉತ್ತರ. ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನು ತುಂಬುತ್ತದೆ. ಬೆಳಿಗ್ಗೆ ಬೈಕಿನ ಎರಡೂ ಬದಿಗೆ ಕ್ಯಾನು ಕಟ್ಟಿಕೊಂಡು ಹೋಗುವ ಹುಡುಗರು ಈಗ ಎಲ್ಲ ಊರಿನ ನೋಟ. ಆರ್‌ಒ ಪೊರೆ ಚೆನ್ನಾಗಿದ್ದರೆ ಫ್ಲೋರೈಡ್ ನಿಜವಾಗಿಯೂ ಇಳಿಯುತ್ತದೆ. ಪೊರೆ ಹಳತಾಗಿ, ಬದಲಿಸುವವರಿಲ್ಲದೆ ಹೋದರೆ ನೀರು ನೋಡಲು ತಿಳಿಯಾಗಿಯೇ ಇರುತ್ತದೆ, ರುಚಿಯಲ್ಲೂ ಗೊತ್ತಾಗುವುದಿಲ್ಲ. ಕೆಟ್ಟು ನಿಂತ ಘಟಕಗಳ ಮಾತು ವಿಧಾನಸಭೆಯಲ್ಲೂ ಮತ್ತೆ ಮತ್ತೆ ಬಂದಿದೆ. ಕೆಲಸದ ಜಾಗಕ್ಕೆ ಬರುವ ಕ್ಯಾನಿನಲ್ಲಿ ಯಾವ ನೀರಿದೆ ಎಂದು ಕೇಳುವವರೂ ಇಲ್ಲ. ಮನೆಯಲ್ಲಿ ಫಿಲ್ಟರ್ ನೀರು ಕುಡಿದು, ದುಡಿಯುವ ಜಾಗದಲ್ಲಿ ದಿನದ ಮುಕ್ಕಾಲು ಪಾಲು ನೀರನ್ನು ಬೋರಿನಿಂದಲೇ ಕುಡಿದರೆ ಮನೆಯಲ್ಲಿ ಪಟ್ಟ ಶ್ರಮ ನೀರಿಗೆ ಹೋದಂತೆ.

> ಕೂಸಿಗೂ ಅಜ್ಜನಿಗೂ
> ಆರು ತಿಂಗಳು ತುಂಬುವವರೆಗೆ ಕೂಸಿಗೆ ಬೇಸಿಗೆಯಲ್ಲೂ ನೀರು ಬೇಡ. ತಾಯಿಹಾಲಿನಲ್ಲಿ ಹತ್ತಿರ ಹತ್ತಿರ ಶೇ 88ರಷ್ಟು ನೀರೇ ಇದೆ. ಸೆಕೆಯೆಂದು ಚಮಚದಲ್ಲಿ ನೀರು ಹಾಕಿದರೆ ಹಾಲು ಕುಡಿಯುವುದು ಕಡಿಮೆಯಾಗುತ್ತದೆ, ಭೇದಿಗೂ ದಾರಿ. ನೀರು ಹೆಚ್ಚು ಬೇಕಾದದ್ದು ತಾಯಿಗೆ. ವಯಸ್ಸಾದವರಲ್ಲಿ ಬಾಯಾರಿಕೆಯೇ ಮಂಕಾಗುತ್ತದೆ ಎಂಬುದು 1984ರಷ್ಟು ಹಿಂದೆಯೇ ಪ್ರಯೋಗದಲ್ಲಿ ಕಂಡದ್ದು. ‘ಬೇಕಾದ್ರೆ ಕೇಳ್ತಾರೆ’ ಎಂದು ಬಿಡದೆ ಅಜ್ಜ ಅಜ್ಜಿಯ ಕೈಗೆ ಲೋಟ ಕೊಡಿ. ಎಲ್ಲ ವಯಸ್ಸಿನವರಿಗೂ ಸುಲಭದ ಅಳತೆ ಮೂತ್ರದ ಬಣ್ಣ: ತಿಳಿಹಳದಿಯಾದರೆ ಸಾಕಷ್ಟು ಕುಡಿದಿದ್ದೀರಿ, ಕಡುಹಳದಿಯಾದರೆ ಸಾಲದು. ಎಷ್ಟು ಕುಡಿದರೂ ದಾಹ ತೀರದೆ, ರಾತ್ರಿ ಮತ್ತೆ ಮತ್ತೆ ಏಳುವಂತಾದರೆ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿ.

ಹಾಗಾದರೆ ಹಲಕುಂದಿಯವರು ಎಷ್ಟು ಕುಡಿಯಬೇಕು? ಅಂಗಡಿಯಲ್ಲಿ, ಕಚೇರಿಯಲ್ಲಿ, ಮನೆಯ ನೆರಳಿನಲ್ಲಿ ಇರುವವರು ಬೇಸಿಗೆಯಲ್ಲಿ ಎರಡರಿಂದ ಮೂರು ಲೀಟರ್ ಕುಡಿದು, ಬಾಯಾರಿಕೆಯನ್ನೂ ಮೂತ್ರದ ಬಣ್ಣವನ್ನೂ ಗಮನಿಸಿದರೆ ಆಯಿತು. ಬಿಸಿಲಿನಲ್ಲಿ, ಕುಲುಮೆಯ ಬಳಿ ದುಡಿಯುವವರು ಬಾಯಾರಿಕೆಗೆ ಕಾಯದೆ ಇಪ್ಪತ್ತು ನಿಮಿಷಕ್ಕೊಂದು ಲೋಟ ಕುಡಿಯಬೇಕು. ನಡುನಡುವೆ ಉಪ್ಪು ಮಜ್ಜಿಗೆಯೋ ಅಂಬಲಿಯೋ ಇರಬೇಕು. ತಾಸಿಗೊಮ್ಮೆ ನೆರಳಿಗೆ ಬರಬೇಕು. ಉದ್ಯೋಗ ಖಾತ್ರಿಯ 2005ರ ಕಾಯ್ದೆ ಕೆಲಸದ ಜಾಗದಲ್ಲಿ ನೀರು, ನೆರಳು, ಪ್ರಥಮ ಚಿಕಿತ್ಸೆ ಕಡ್ಡಾಯ ಎಂದಿತ್ತು. ಬಿಸಿಲು ಜೋರಾದ ತಿಂಗಳುಗಳಲ್ಲಿ ಕೂಲಿ ಕಡಿಯದೆ ಕೆಲಸದ ಪ್ರಮಾಣ ಇಳಿಸಿದ್ದೂ ಉಂಟು. ಸರ್ಕಾರಿ ಹಣದ ಕೆಲಸಕ್ಕೆ ಹಾಕಿದ ಈ ಪದ್ಧತಿ ಖಾಸಗಿ ಗುತ್ತಿಗೆಗೂ ಬರಬೇಕು.

ನೀರಿನ ಗುಣ ತಿಳಿಯುವುದಕ್ಕೆ ದೂರ ಹೋಗಬೇಕಿಲ್ಲ. ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಊರಿನಲ್ಲಿ ಐದು ಮಂದಿ ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡಬೇಕೆಂದಿದೆ. ಚಿಕ್ಕ ಬಾಟಲಿಗೆ ನೀರು ಹಾಕಿ, ಕೆಂಪು ದ್ರಾವಣದ ಹನಿ ಬೆರೆಸಿ, ಪಟ್ಟಿಯ ಬಣ್ಣದ ಜೊತೆ ಹೋಲಿಸುವ ಸರಳ ಪರೀಕ್ಷೆ ಅದು. ಕೆಂಪು ಹಳದಿಯ ಕಡೆ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು. ನಿಮ್ಮ ಊರಿನ ಕಿಟ್ ಎಲ್ಲಿದೆ, ಕೊನೆಯ ಸಲ ಯಾವ ಬೋರಿನ ನೀರನ್ನು ನೋಡಿದರು, ಎಷ್ಟು ಬಂತು ಎಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಕಾರ್ಖಾನೆಯ ಗೇಟಿನೊಳಗಿನ ನಲ್ಲಿಯ ನೀರನ್ನೂ ಗುತ್ತಿಗೆದಾರರ ಕ್ಯಾನಿನ ನೀರನ್ನೂ ಅದೇ ಕಿಟ್ಟಿನಲ್ಲಿ ನೋಡಬಹುದು.